ಕಸಿಯೋ ಕಸವೋ

ಸ್ನೇಹಿತರೇ, ಇವತ್ತು ನಮ್ಮ ಜನಕಪುರಿಯ ಬಾಲ್ಕನಿಯಲ್ಲಿ ಒಂದು ಗುಲಾಬಿ ನನ್ನ ಕನ್ನಡಕ್ಕೆ ಬಲಿಯಾಯಿತು. ನರ್ಸರಿಯಲ್ಲಿ ಹೂಗಳನ್ನೆಲ್ಲ ಮೂಸಿ, ಪರಿಮಳ ನೋಡಿಯೇ ಆರಿಸಿ ತಂದ ಕಸಿ ಗಿಡ. ಕಸಿಯ ಕೆಳಗಿನಿಂದ ಕಾಡುಗುಲಾಬಿಯ ಕೊಂಬೆಯೊಂದು ಎದ್ದು ಅದರ ಸಾರವನ್ನೆಲ್ಲ ಹೀರುತ್ತಿತ್ತು. ಆಫೀಸಿನಿಂದ ಮಗಳಿಗೆ ಫೋನ್ ಮಾಡಿ, "ಕಾಡುಕೊಂಬೆ ತೆಗಿ, ಕಸಿ ನೋಡ್ಕೊಂಡು ಕತ್ತರಿಸು" ಎಂದಿದ್ದೆ.

ಸಂಜೆ ಬಂದು ನೋಡಿದರೆ ಕುಂಡದಲ್ಲಿ ಕಾಡುಕೊಂಬೆ ಸೊಂಪಾಗಿ ನಿಂತಿದೆ. ನನ್ನ ಗುಲಾಬಿ ಕಸದ ಬುಟ್ಟಿಯಲ್ಲಿದೆ.

"ಅಮ್ಮಾ, ನೀನೇ ಕಸ ಅಂದೆ ನಾ? ಅದು ಒಣಗಿದ ಹಾಗಿತ್ತು, ಸೋ ಕಾಟ್ ದಿಯಾ."

"ಕಸ ಅಲ್ಲ ಕಣೇ, ಕಸಿ!"

"ಅಚ್ಛಾ? ಕಸಿ ಅಂದ್ರೆ ಏನು?"

ಅವಳು ತೊಟ್ಟಿಲಲ್ಲಿದ್ದಾಗಿನಿಂದ ಕನ್ನಡ ಕವಿತೆ ಓದಿ ಹೇಳಿದ್ದೇನೆ. ಬೇರುಬಿಟ್ಟಿದ್ದು ಮಾತ್ರ "ಕಸ ಹೊರಗಿಡೇ" ಒಂದೇ.