ಪಣಿಕ್ಕರ್ ಕಿವಿಯ ಕರಟ

ಈಪ್ಪಚ್ಚನ್ ಮನೆಗೆ ಟ್ಯಾಬ್ಲೆಟ್ ಬಂದದ್ದು, ಅವನ ಹೆಂಡತಿ ಮರಿಯಾಕುಟ್ಟಿಗೆ ಮಿಕ್ಸಿ ಬರಲಿಲ್ಲವಾದ್ದರಿಂದ. ಓಣಂ ಹೊತ್ತಿಗೆ ಚಂಗನಾಶೇರಿಯ ಜವಳಿ ಅಂಗಡಿಯಲ್ಲಿ ಸೀರೆ ಕೊಂಡು, ಅದೃಷ್ಟದ ಚೀಟಿಯನ್ನು ಡಬ್ಬಿಗೆ ಹಾಕಿ, ಮಾತೆ ಮರಿಯಳಿಗೆ ಮೇಣದಬತ್ತಿ ಹರಸಿಕೊಂಡು ಬಂದಿದ್ದಳು. ಹರಕೆಯಲ್ಲಿ ಮಿಕ್ಸಿ ಎಂದು ಬಿಡಿಸಿಯೇ ಹೇಳಿದ್ದಳಂತೆ. ಬಹುಮಾನವೆಂದು ಬಂದದ್ದು ಮಾತ್ರ ಮಕ್ಕಳ ಸ್ಲೇಟಿನಂಥ ಒಂದು ಕರಿಯ ಹಲಗೆ.

"ಇದ್ರಲ್ಲಿ ಕಾಯಿ ಅರೆಯಕ್ಕಾಗತ್ತಾ?"

"ಆಗಲ್ಲ ಕಣೆ. ಆಟ ಆಡ್ಬಹುದಂತೆ."

"ಸರಿಹೋಯ್ತು. ರಿಟೈರಾದಾಗಿಂದ ಮನೇಲಿ ಇನ್ನೇನು ನಡೀತಿದೆ ಅಂತ! ಆಡೋದು ಒಂದು ಕಮ್ಮಿಯಾಗಿತ್ತು."

ಮಾತು ಚುಚ್ಚುವಂತಿದ್ದರೂ ಸುಳ್ಳಾಗಿತ್ತು. ಮಳೆಗಾಲ ಶುರುವಾದಾಗಿನಿಂದ ಈಪ್ಪಚ್ಚನ್ ಆಟ ಆಡಿರಲೇ ಇಲ್ಲ. ಅವನ ಜೊತೆಗಾರ ಆಟ ಬಿಟ್ಟಿದ್ದರು.

ಈಪ್ಪಚ್ಚನ್ ತನ್ನ ಆಯುಷ್ಯದ ದೊಡ್ಡ ಪಾಲನ್ನು ಕಳೆದದ್ದು ಒಂದು ಗುಂಡಿಯಲ್ಲಿ. ನಮ್ಮ ಪುಳಿಂಕುನ್ನು ಕಡೆಗೆ ಓಡಾಡುವ ಸರ್ಕಾರಿ ಬೋಟುಗಳ ಹೊಟ್ಟೆಯಲ್ಲಿ, ಡೀಸೆಲ್ ಘಾಟು ತುಂಬಿದ ಎಂಜಿನ್ ಗುಂಡಿ ಇರುತ್ತದಲ್ಲ, ಅದರಲ್ಲಿ. ಅಲ್ಲಿ ಕೂತವನಿಗೆ ನೀರು ಕಾಣುವುದಿಲ್ಲ, ದಡ ಕಾಣುವುದಿಲ್ಲ, ಎದುರಿಗೆ ಬರುವ ಬೋಟೂ ಕಾಣುವುದಿಲ್ಲ. ಮುಂದುಗಡೆ ಚುಕ್ಕಾಣಿ ಹಿಡಿದು ನಿಂತ ಸ್ರಾಂಕ್ ಹಗ್ಗ ಎಳೆದರೆ ಗುಂಡಿಯಲ್ಲಿ ಗಂಟೆ ಹೊಡೆಯುತ್ತದೆ. ಎಷ್ಟು ಏಟು ಬಿತ್ತೆಂದು ಕೇಳಿಕೊಂಡು ಎಂಜಿನ್ ನಿಲ್ಲಿಸಬೇಕು, ಹಿಂದಕ್ಕೆ ಬಿಡಬೇಕು, ಜೋರು ಮಾಡಬೇಕು. ಆ ಹಗ್ಗದ ಇನ್ನೊಂದು ತುದಿಯಲ್ಲಿ ಇದ್ದವರು ಸ್ರಾಂಕ್ ದಿವಾಕರ ಪಣಿಕ್ಕರ್. ಊರೆಲ್ಲ ಬೋಟಿನಲ್ಲಿ ಕೂತು ಗಾಳಿ ಕುಡಿಯುತ್ತಿದ್ದಾಗ ಈಪ್ಪಚ್ಚನ್ ಪಣಿಕ್ಕರ ಗಂಟೆಯನ್ನು ನಂಬಿ ಕತ್ತಲಲ್ಲಿ ಕೂತಿರುತ್ತಿದ್ದ. "ನಾನು ಗಂಟಲು ಹರ್ಕೊಂಡ್ರೂ ಇವ್ರಿಗೆ ಕೇಳ್ಸಲ್ಲ. ಆ ಪಣಿಕ್ಕರ್ ಒಂದು ಗಂಟೆ ಹೊಡೆದ್ರೆ ನಿದ್ದೇಲೂ ಎದ್ದು ಕೂರ್ತಾರೆ" ಎಂದು ಮರಿಯಾಕುಟ್ಟಿ ಪಾದ್ರಿಗಳ ಹತ್ತಿರವೇ ದೂರು ಹೇಳಿದ್ದುಂಟು.

ಕೆಲಸ ಮುಗಿದ ಮೇಲೂ ಇಬ್ಬರೂ ಜೊತೆ ಬಿಡಲಿಲ್ಲ. ಸಂಜೆಯಾದರೆ ಜೆಟ್ಟಿಯ ಪಕ್ಕ, ಕುಂಜುಮೋನನ ಚಹಾದಂಗಡಿಯ ಬೆಂಚಿನ ಮೇಲೆ ಇಪ್ಪತ್ತೆಂಟರ ಇಸ್ಪೀಟಾಟ. ಒಂದು ಕಡೆ ಪಣಿಕ್ಕರ್ ಮತ್ತು ಈಪ್ಪಚ್ಚನ್, ಇನ್ನೊಂದು ಕಡೆ ಕುಂಜುಮೋನ್ ಮತ್ತು ಲಾಟರಿ ಮಾರುವ ವಾಸವನ್. ಈ ಆಟದಲ್ಲಿ ರಾಜ ರಾಣಿಯರಿಗೆ ಮೂರು ಕಾಸಿನ ಬೆಲೆಯಿಲ್ಲ. ಗುಲಾಮನೇ ಎಲ್ಲರ ಮೇಲೆ, ಅವನ ನಂತರ ಒಂಬತ್ತು. ನಮ್ಮ ಜನಕ್ಕೆ ಇದು ಹಿಡಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಎಷ್ಟು ಅಂಕ ಮಾಡುತ್ತೇವೆಂದು ಮೊದಲೇ ಕೂಗಬೇಕು, ಕೂಗಿದಷ್ಟು ಮಾಡಿ ತೋರಿಸಬೇಕು. ಸೋತರೆ ಕಿವಿಗೆ ಕುಣುಕ್ಕು. ಅಂದರೆ, ಬಟ್ಟೆ ಒಣಹಾಕುವ ಕ್ಲಿಪ್ಪಿಗೆ ತೆಂಗಿನ ಕರಟದ ಚೂರು ಕಟ್ಟಿ ಮಾಡಿದ ಓಲೆ. ಸೋತ ಜೋಡಿಯ ಇಬ್ಬರೂ ಅದನ್ನು ಕಿವಿಗೆ ಸಿಕ್ಕಿಸಿಕೊಂಡು, ಗೆದ್ದು ಕಳಚುವ ತನಕ ಅದರಲ್ಲೇ ಕೂತು ಆಡಬೇಕು. ಬೋಟು ಇಳಿದು ಬರುವ ಹೆಂಗಸರೆಲ್ಲ ನೋಡಿ ನಗಬೇಕು. ಪಂಚಾಯ್ತಿ ಮೆಂಬರಾದರೂ ಬಿಡುವ ಹಾಗಿಲ್ಲ. ಒಮ್ಮೆ ಒಬ್ಬ ಮೆಂಬರು ಕರಟ ತೆಗೆಯುವುದು ಮರೆತು ಹಾಗೆಯೇ ಶವಸಂಸ್ಕಾರಕ್ಕೆ ಹೋಗಿದ್ದ.

ಬೇಸಿಗೆಯಲ್ಲಿ ಪಣಿಕ್ಕರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಇಡೀ ಭಾಷೆಯಲ್ಲಿ ಅವರ ಬಾಯಲ್ಲಿ ಉಳಿದದ್ದು "ಆಯ್ತು" ಎನ್ನುವ ಒಂದೇ ಮಾತು. ಊಟ ಬೇಕಾದರೂ ಆಯ್ತು, ಬೇಡವಾದರೂ ಆಯ್ತು, ಸೊಳ್ಳೆ ಕಚ್ಚಿದರೂ ಆಯ್ತು.

ಆಸ್ಪತ್ರೆಯಿಂದ ಬಂದ ಮೇಲೆ ಈಪ್ಪಚ್ಚನ್ ಅವರನ್ನು ದೋಣಿಯಲ್ಲಿ ಕೂರಿಸಿಕೊಂಡು ಒಂದು ಸಲ ಜೆಟ್ಟಿಗೆ ಕರೆದುಕೊಂಡು ಹೋದ. ಎಲ್ಲರೂ ಅವರನ್ನು ಹೊಸ ಮದುಮಗನ ಹಾಗೆ ನೋಡಿಕೊಂಡರು. ಕುಂಜುಮೋನ್ ಬೆಂಚಿಗೆ ದಿಂಬು ಹಾಕಿದ. ವಾಸವನ್, "ಪಣಿಕ್ಕರ್ ಚೇಟ್ಟಾ, ನೀವು ಸುಮ್ನೆ ಕೂತಿರಿ ಸಾಕು. ನಿಮ್ಮ ಎಲೆ ಈಪ್ಪಚ್ಚನ್ನೇ ಹಿಡ್ಕೊಂಡು, ನಿಮ್ಮ ಪರವಾಗಿ ಅವನೇ ಕೂಗ್ಲಿ" ಎಂದ. ಎರಡು ಕೈ ಎಲೆ ಒಬ್ಬನೇ ನೋಡಿಕೊಂಡು ಆಡಿದರೂ ಈಪ್ಪಚ್ಚನ್ ಸೋತ. ಅವನ ಆಟವೇ ಅಂಥದ್ದು. ಕುಂಜುಮೋನ್ ಎರಡು ಕರಟ ತಂದು, ಪಣಿಕ್ಕರ ಮುಖ ನೋಡಿ, ಹಿಂದೆ ಮುಂದೆ ನೋಡತೊಡಗಿದ. ಈಪ್ಪಚ್ಚನ್ ಎರಡನ್ನೂ ಕಿತ್ತುಕೊಂಡು ತನ್ನ ಎರಡು ಕಿವಿಗೂ ಸಿಕ್ಕಿಸಿಕೊಂಡ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಂಥ ಸ್ನೇಹಿತ ಸಿಗಬೇಕು ಎಂದು ದೋಣಿಗೆ ಕಾಯುತ್ತಿದ್ದ ನರ್ಸಮ್ಮ ಕಣ್ಣು ಒರೆಸಿಕೊಂಡರು.

ಮಾರನೆಯ ದಿನದಿಂದ ಪಣಿಕ್ಕರ್ ಜೆಟ್ಟಿಗೆ ಬರಲಿಲ್ಲ. ಈಪ್ಪಚ್ಚನ್ ಹೋದರೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು.

"ಹೀಗೇ ಮಲಗಿಬಿಟ್ರೆ ಇದ್ದ ಶಕ್ತೀನೂ ಹೋಗತ್ತೆ ಅಂದಿದ್ದಾರೆ ಡಾಕ್ಟ್ರು" ಎಂದರು ಅವರ ಹೆಂಡತಿ ಸರೋಜಿನಿ. "ಏನಾದ್ರೂ ಮಾಡು ಈಪ್ಪಚ್ಚಾ. ನೀನು ಕರೆದ್ರೂ ಏಳದವರು ಇನ್ಯಾರು ಕರೆದ್ರೆ ಏಳ್ತಾರೆ?"

ಆದ್ದರಿಂದಲೇ, ಆಡಬಹುದಾದ ಹಲಗೆಯೊಂದು ಮನೆಗೆ ಬಂದಾಗ ಈಪ್ಪಚ್ಚನಿಗೆ ಅದು ತನಗೆಂದು ಅನ್ನಿಸಲೇ ಇಲ್ಲ. ಅದರಲ್ಲಿ ಪಣಿಕ್ಕರ್ ಒಂದೇ ಕೈಯಲ್ಲಿ, ಬಾಯಿ ಬಿಡದೆ ಆಡುವಂಥದ್ದು ಏನಾದರೂ ಇದ್ದೇ ಇರಬೇಕು. ಹುಡುಕಿದರಾಯಿತು.

ಹುಡುಕಲು ಕೂತ ಮೇಲೆ ತಿಳಿಯಿತು, ಅದು ಬಾವಿಯಲ್ಲ, ವೇಂಬನಾಡು ಹಿನ್ನೀರು. ಬೆರಳಿನಿಂದ ಮೇಲಕ್ಕೆ ತಳ್ಳಿದಷ್ಟೂ ಆಟಗಳು. ಇಷ್ಟೊಂದು ಆಟ ಯಾರು ಮಾಡಿದರು, ಯಾವಾಗ ಮಾಡಿದರು, ಅವರಿಗೆ ಮನೆಯಲ್ಲಿ ಬೈಯುವವರು ಯಾರೂ ಇರಲಿಲ್ಲವೇ! ಈಪ್ಪಚ್ಚನ್ ಬಾಯಿ ತೆರೆದುಕೊಂಡು ನೋಡಿದ. ಹಗಲೆಲ್ಲ ಒಂದೊಂದನ್ನೇ ಇಳಿಸಿ ತಾನೇ ಆಡಿ ಪರೀಕ್ಷಿಸಿದ. ನಡುನಡುವೆ ಯಾವಳೋ ಚೆಲುವೆ ಬಂದು ಇನ್ನೇನೋ ಕೊಳ್ಳಿರೆಂದು ಅಂಗಲಾಚುತ್ತಿದ್ದಳು. ಅದು ಜಾಹೀರಾತೆಂದು ತಿಳಿಯದ ಈಪ್ಪಚ್ಚನ್ ಮೊದಮೊದಲು "ಬೇಡಮ್ಮಾ, ನಮ್ಮಲ್ಲಿದೆ" ಎಂದು ಮರ್ಯಾದೆಯಿಂದಲೇ ಉತ್ತರಿಸುತ್ತಿದ್ದ.

ಪಣಿಕ್ಕರ ಮನೆಗೆ ಮೊದಲು ಒಯ್ದದ್ದು ತರಕಾರಿ ಕತ್ತರಿಸುವ ಆಟ. ಹಾರಿ ಬರುವ ಸೌತೆ, ಕುಂಬಳಗಳನ್ನು ಬೆರಳಿನಿಂದ ಸೀಳಬೇಕು. ಸರೋಜಿನಿ ಇಣುಕಿ ನೋಡಿ, "ಮದುವೆಯಾದಾಗಿಂದ ಒಂದು ಬೆಂಡೆಕಾಯಿ ಹೆಚ್ಚಿಕೊಟ್ಟವರಲ್ಲ, ಈಗ ಗಾಳೀಲಿ ಹೆಚ್ಚೋದು ಕಲಿಸ್ತೀಯಾ?" ಎಂದರು. ಪಣಿಕ್ಕರ್ "ಆಯ್ತು" ಎಂದು ಗೋಡೆಗೆ ತಿರುಗಿದರು.

ಎರಡನೆಯದು ಬೇಸಾಯದ ಆಟ. ಬಿತ್ತಿ, ಕಣ್ಣು ಮಿಟುಕಿಸುವುದರಲ್ಲಿ ಬತ್ತ ಹೊನ್ನಾಗಿ ನಿಂತಿತು. ಬದು ಒಡೆಯಲಿಲ್ಲ, ಉಪ್ಪುನೀರು ನುಗ್ಗಲಿಲ್ಲ, ಪಂಪಿನ ಮೋಟಾರು ಸುಡಲಿಲ್ಲ. ಸಮುದ್ರಕ್ಕಿಂತ ತಗ್ಗಿನಲ್ಲಿ ಬತ್ತ ಬೆಳೆದ ಮನೆತನದವರು ಇಂಥ ಸುಳ್ಳನ್ನು ಎಷ್ಟು ಹೊತ್ತು ನೋಡುತ್ತಾರೆ? ಗೋಡೆ.

ಮೂರನೆಯದರ ಮೇಲೆ ಈಪ್ಪಚ್ಚನಿಗೆ ಬಹಳ ಭರವಸೆ ಇತ್ತು. ಅದು ಬೋಟು ನಡೆಸುವ ಆಟ. ಪಣಿಕ್ಕರ್ ನಿಜಕ್ಕೂ ಎದ್ದು ಕೂತು, ಎಡಗೈ ಬೆರಳಿಟ್ಟರು. ಬೋಟು ಬಾಣದಂತೆ ಹೋಗಿ ಜೆಟ್ಟಿಗೆ ಗುದ್ದಿ ಚೂರಾಯಿತು. ಆಮೇಲೆ ಕಹಳೆ ಊದಿ, ನಕ್ಷತ್ರ ಉದುರಿಸಿ, ಶಹಭಾಸ್ ಎಂದು ಬಂತು. ತಮ್ಮ ಆಯುಷ್ಯದಲ್ಲಿ ಜೆಟ್ಟಿಯ ಮರಕ್ಕೆ ಗೀರು ಸಹ ಮಾಡದ ಸ್ರಾಂಕ್ ಈಪ್ಪಚ್ಚನನ್ನು ನೋಡಿದ ನೋಟ ಹೇಗಿತ್ತೆಂದರೆ, ಅವನು ಹಲಗೆಯನ್ನು ಮುಂಡಿನ ಮಡಿಕೆಯಲ್ಲಿ ಮುಚ್ಚಿಕೊಂಡು ಹಿಂದಿನ ಬಾಗಿಲಿನಿಂದ ಹೋದ.

ಹೀಗೆ ಸೋತು ಸುಣ್ಣವಾಗಿ ಕೂತಿದ್ದಾಗ, ಒಂದು ಮಧ್ಯಾಹ್ನ ಮೀನುಸಾರು ಅನ್ನ ಉಂಡು ಬೆರಳು ತಳ್ಳುತ್ತಿದ್ದವನ ಕಣ್ಣಿಗೆ ಗುಲಾಮನ ಚಿತ್ರ ಬಿತ್ತು. ಇಪ್ಪತ್ತೆಂಟು! ನಮ್ಮ ಇಪ್ಪತ್ತೆಂಟು! ಕುಂಜುಮೋನನ ಎಣ್ಣೆಜಿಡ್ಡಿನ ಬೆಂಚು ಬಿಟ್ಟು ಇದು ಹಲಗೆಯೊಳಗೆ ಹೇಗೆ ಬಂತು? ಎದುರಾಳಿಗಳನ್ನೂ ಜೊತೆಗಾರನನ್ನೂ ಅದೇ ಒದಗಿಸುತ್ತಿತ್ತು. ಕೂಗುವ ಬದಲು ಅಂಕಿಯ ಮೇಲೆ ಬೆರಳಿಟ್ಟರೆ ಸಾಕು. ಎಲೆಗಳು ಕೈಯಿಲ್ಲದೆ ತಾವಾಗಿಯೇ ಬೀಸಣಿಗೆಯಂತೆ ಬಿಚ್ಚಿಕೊಂಡು ನಿಲ್ಲುತ್ತಿದ್ದವು.

"ಮರಿಯೇ, ನೋಡಿಲ್ಲಿ! ಎಲೆ ತಾನೇ ನಿಂತಿದೆ!"

"ನಿಮ್ಮ ತಟ್ಟೆ ಕೂಡ ತಾನೇ ತೊಳ್ಕೊಳ್ಳತ್ತಾ ನೋಡಿ" ಎಂದಳು ಮರಿಯಾಕುಟ್ಟಿ. ಅಷ್ಟರಲ್ಲಿ ಅವನು ದೋಣಿ ಬಿಚ್ಚಿದ್ದ.

ಹಲಗೆಯನ್ನು ಪಣಿಕ್ಕರ ತೊಡೆಯ ಮೇಲೆ ಇಟ್ಟಾಗ ಅವರು ಗೋಡೆಗೆ ತಿರುಗಲಿಲ್ಲ. ಎಲೆಗಳನ್ನು ದಿಟ್ಟಿಸಿದರು. ಎಡಗೈ ಹೆಬ್ಬೆರಳು ಮೇಲೆದ್ದಿತು, ಹದಿನೇಳರ ಮೇಲೆ ಇಳಿಯಿತು. ಎದುರಾಳಿ ಹದಿನೆಂಟು ಎಂದ. ಹೆಬ್ಬೆರಳು ಹತ್ತೊಂಬತ್ತು ಒತ್ತಿತು. ತುರುಪು ಮುಚ್ಚಿಟ್ಟರು.

ಆಮೇಲೆ ನಡೆದದ್ದನ್ನು ಈಪ್ಪಚ್ಚನ್ ಹಿಂದೆ ನಿಂತು, ಪೂಜೆ ನೋಡುವವನ ಹಾಗೆ ಉಸಿರು ಹಿಡಿದು ನೋಡಿದ. ಪಣಿಕ್ಕರ್ ಎದುರಾಳಿಯ ಗುಲಾಮನನ್ನು ಬೇಕಾಗಿಯೇ ಹೊರಗೆಳೆದರು. ಯಾರ ಕೈಯಲ್ಲಿ ಯಾವ ಬಣ್ಣ ತೀರಿದೆಯೆಂದು ಅವರಿಗೆ ಗೊತ್ತಿತ್ತು. ಬಿದ್ದ ಎಲೆಗಳೆಲ್ಲ ನೆನಪಿದ್ದವು. ಆಟ ಗೆದ್ದರು. ಮುಂದಿನದನ್ನೂ ಗೆದ್ದರು. ಬೋಟನ್ನು ತಿರುವಿನಲ್ಲಿ ತಿರುಗಿಸುವಾಗಿನ ಅದೇ ಸಾವಧಾನ, ಅದೇ ಕಳ್ಳನಗೆ ತುಟಿಯ ಒಂದು ಮೂಲೆಯಲ್ಲಿ. ಎಂಜಿನ್ ನಿಂತೇ ಹೋಗಿದೆಯೆಂದು ಎಲ್ಲರೂ ಕೈಬಿಟ್ಟ ಬೋಟಿನ ಹಲಗೆ ಎತ್ತಿ ನೋಡಿದರೆ, ಒಳಗೆ ಅದು ಬಿಸಿಯಾಗಿ, ಒಂದೇ ಹದದಲ್ಲಿ ಓಡುತ್ತಲೇ ಇತ್ತು. ಗಂಟೆಯ ಹಗ್ಗವಷ್ಟೇ ಕಡಿದಿತ್ತು. ಈ ಮನುಷ್ಯನ ಎಲೆಯನ್ನು ತಾನು ಹಿಡಿದುಕೊಂಡು ಆಡಿದ್ದೆನೇ ಎಂದುಕೊಂಡ ಈಪ್ಪಚ್ಚನ್.

ಅಷ್ಟು ತಿಳಿದ ಮೇಲಾದರೂ ಸುಮ್ಮನಿರಬಹುದಿತ್ತು. ಮೂರನೆಯ ಆಟದಲ್ಲಿ ಪಣಿಕ್ಕರ ಹೆಬ್ಬೆರಳು ಆಟೀನಿನ ಒಂಬತ್ತರ ಮೇಲೆ ಗಾಳಿಯಲ್ಲಿ ನಿಂತುಬಿಟ್ಟಿತು. ಬೆರಳು ಮರಗಟ್ಟಿರಬೇಕು ಪಾಪ ಎಂದುಕೊಂಡ ಈಪ್ಪಚ್ಚನ್, ಹಿಂದಿನಿಂದ ಬಾಗಿ ಮೆಲ್ಲಗೆ ಒತ್ತಿಕೊಟ್ಟ.

ಬೆರಳು ಮರಗಟ್ಟಿರಲಿಲ್ಲ. ಪಣಿಕ್ಕರ್ ಯೋಚಿಸುತ್ತಿದ್ದರು. ಆಟೀನಿನ ಗುಲಾಮ ಇನ್ನೂ ಹೊರಗೆ ಬಂದಿರಲಿಲ್ಲ. ಈಗ ಬಂದ, ಒಂಬತ್ತನ್ನು ನುಂಗಿದ, ಕೂಗಿದ್ದಕ್ಕೆ ಒಂದೇ ಅಂಕ ಕಡಿಮೆಯಾಗಿ ಆಟ ಹೋಯಿತು.

"ಆಯ್ತು!" ಎಂದು ಪಣಿಕ್ಕರ್ ಅಬ್ಬರಿಸಿದರು. ಸರೋಜಿನಿ ಅಡುಗೆಮನೆಯಿಂದ ಸೌಟಿನ ಸಮೇತ ಓಡಿಬಂದರು. "ಆಯ್ತು! ಆಯ್ತು, ಆಯ್ತು!" ಇಷ್ಟು ಬೈಗುಳವನ್ನು ಒಂದೇ ಮಾತಿನಲ್ಲಿ ತುಂಬಬಹುದೆಂದು ಈಪ್ಪಚ್ಚನಿಗೆ ಗೊತ್ತಿರಲಿಲ್ಲ.

"ತಪ್ಪಾಯ್ತು ಪಣಿಕ್ಕರ್ ಚೇಟ್ಟಾ. ನಿಮಗೆ ಸಹಾಯ ಆಗ್ಲಿ ಅಂತ..."

ಪಣಿಕ್ಕರ್ ಎಡಗೈಯಿಂದ ತಮ್ಮ ಕಿವಿ ಹಿಡಿದು ಜಗ್ಗಿ ತೋರಿಸಿದರು. ಆಮೇಲೆ ಈಪ್ಪಚ್ಚನ ಒಂದು ಕಿವಿ ಜಗ್ಗಿದರು. ಇನ್ನೊಂದು ಕಿವಿಗೆ ಬೆರಳು ತೋರಿಸಿ, ಅಲ್ಲಿಂದ ಏನನ್ನೋ ಕಿತ್ತು ತೆಗೆಯುವವರಂತೆ ಮಾಡಿ, ಅದನ್ನು ತಂದು ತಮ್ಮ ಕಿವಿಗೆ ಇಟ್ಟುಕೊಂಡರು. ಅಂಗೈಯಿಂದ ಎದೆ ತಟ್ಟಿಕೊಂಡರು.

ಈಪ್ಪಚ್ಚನಿಗೆ ಜೆಟ್ಟಿಯಲ್ಲಿ ತಾನು ಎರಡು ಕಿವಿಗೂ ಕರಟ ಸಿಕ್ಕಿಸಿಕೊಂಡು ಚಪ್ಪಾಳೆ ಗಿಟ್ಟಿಸಿದ್ದು ನೆನಪಾಯಿತು. ನರ್ಸಮ್ಮ ಕಣ್ಣು ಒರೆಸಿಕೊಂಡಿದ್ದೂ ನೆನಪಾಯಿತು. ಸೋತವನಿಗೆ ಕರಟ. ಕರಟವೂ ಬೇಡ ಎಂದರೆ, ಆ ಮನುಷ್ಯ ಆಟದಲ್ಲಿ ಇರಲೇ ಇಲ್ಲ ಎಂದು.

"ಅಯ್ಯೋ ನನ್ನ ಯೇಸುವೇ" ಎಂದ. "ಅದಕ್ಕಾ ನೀವು ಬರೋದು ಬಿಟ್ಟಿದ್ದು?"

"ಆಯ್ತು" ಎಂದರು ಪಣಿಕ್ಕರ್, ಮೆಲ್ಲಗೆ.

"ಚೇಚಿ, ಹಗ್ಗದಿಂದ ಎರಡು ಕ್ಲಿಪ್ ತನ್ನಿ! ಕರಟಾನೂ!"

"ಹಗಲು ಹೊತ್ತಲ್ಲೇ ಹುಚ್ಚು ಹಿಡೀತಾ ಇಬ್ರಿಗೂ?" ಎನ್ನುತ್ತಲೇ ಸರೋಜಿನಿ ತಂದುಕೊಟ್ಟರು. ಬಟ್ಟೆ ತಿಕ್ಕುವ ಬ್ರಷ್ಷನ್ನೂ ಈಪ್ಪಚ್ಚನ್ ಕೇಳಿ ಇಸಿದುಕೊಂಡ. ಎಲೆಗಳು ತಾವೇ ನಿಲ್ಲುವುದನ್ನು ಹಲಗೆಯಲ್ಲಿ ನೋಡಿದಾಗಿನಿಂದ ಅವನ ತಲೆಯಲ್ಲಿ ಏನೋ ಕೊರೆಯುತ್ತಿತ್ತು. ಬ್ರಷ್ಷನ್ನು ಮಗುಚಿಟ್ಟು ಅದರ ಕೂದಲಿನ ನಡುವೆ ಎಲೆ ಸಿಕ್ಕಿಸಿದರೆ ಬೆಂಚಿನ ಮೇಲೂ ನಿಲ್ಲುತ್ತವೆ.

ಅವತ್ತಿನ ಸಂಜೆ ಕಾಲುವೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಒಂದು ದೋಣಿಯನ್ನು ನೋಡಿದರು. ಹುಟ್ಟು ಹಾಕುವವನ ಕಿವಿಯಲ್ಲಿ ಒಂದು ಕರಟ, ಮುಂದೆ ಕೂತವರ ಕಿವಿಯಲ್ಲಿ ಒಂದು ಕರಟ. ಹೆಂಗಸರು ಕಿಸಕ್ಕೆಂದರು. ಪಣಿಕ್ಕರ್ ಕರಟ ಚೆನ್ನಾಗಿ ತೂಗಾಡಲೆಂದು ತಲೆಯನ್ನು ಇನ್ನಷ್ಟು ಅಲ್ಲಾಡಿಸಿದರು.

ಜೆಟ್ಟಿಯಲ್ಲಿ ಎಲ್ಲರೂ ಎದ್ದು ನಿಂತರು. ವಾಸವನ್ ಲಾಟರಿ ಚೀಟಿಗಳನ್ನು ಎದೆಗೆ ಒತ್ತಿಕೊಂಡು, ನಗಬೇಕೋ ಬೇಡವೋ ತಿಳಿಯದೆ ನೋಡಿದ. ಕುಂಜುಮೋನ್ ದಿಂಬು ತರಲು ಒಳಗೆ ಹೊರಟ.

"ದಿಂಬು ಬೇಡ, ಎಲೆ ತಾ" ಎಂದ ಈಪ್ಪಚ್ಚನ್. "ಯಾರ ಎಲೆ ಅವರವರೇ ಆಡೋದು."

ಬ್ರಷ್ಷಿನ ಮೇಲೆ ಎಲೆಗಳು ನಿಂತವು. ವಾಸವನ್ ಹದಿನೆಂಟು ಎಂದು ಕೂಗಿದ. ಪಣಿಕ್ಕರ್ ಬಹಳ ಹೊತ್ತು ನೋಡಿದರು. ಈಪ್ಪಚ್ಚನ್ ತನ್ನ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತ. ಅದರ ಮೇಲೆ ಅವನಿಗೆ ನಂಬಿಕೆ ಹೋಗಿತ್ತು. ಆಗ ಪಣಿಕ್ಕರ್ ಎಡಗೈ ಗೆಣ್ಣಿನಿಂದ ಬೆಂಚನ್ನು ಬಡಿದರು. ಠಣ್, ಠಣ್, ಠಣ್, ಠಣ್, ಠಣ್, ಠಣ್.

ವಾಸವನಿಗೆ ಅರ್ಥವಾಗಲಿಲ್ಲ, ಕುಂಜುಮೋನನಿಗೂ ಅರ್ಥವಾಗಲಿಲ್ಲ. ಗುಂಡಿಯಲ್ಲಿ ಕೂತಿದ್ದವನಿಗೆ ಮಾತ್ರ ಆಯಿತು. ಕೂಗು ಹದಿನಾಲ್ಕರಿಂದ ಶುರು, ಅದರ ಮೇಲೆ ಆರು ಏಟು.

"ಇಪ್ಪತ್ತು ಅಂತಿದ್ದಾರೆ ನಮ್ಮ ಸ್ರಾಂಕ್" ಎಂದ.

"ಇಪ್ಪತ್ತಾ! ಕಿವೀಲಿ ಒಡವೆ ಹಾಕ್ಕೊಂಡು ಬಂದ ಮದುಮಗಳಿಗೆ ಜಂಬ ನೋಡು!" ಎಂದು ಕುಂಜುಮೋನ್ ಬಾಯಿ ಜಾರಿ ಅಂದುಬಿಟ್ಟು, ನಾಲಿಗೆ ಕಚ್ಚಿಕೊಂಡ.

ಪಣಿಕ್ಕರ್ ಅವನ ಕಡೆ ತಿರುಗಿದರು. ತುಟಿಯ ಒಂದು ಮೂಲೆ ಮೇಲೇರಿತು, ಕರಟ ತೂಗಿತು. ಅಷ್ಟು ದಿನ ಯಾರೂ ಮಾಡದೆ ಉಳಿಸಿಕೊಂಡಿದ್ದ ಗೇಲಿಗೇ ಕಾಯುತ್ತಿದ್ದವರಂತೆ, "ಆಯ್ತು" ಎಂದು ಎಡಗೈಯಿಂದ ಮೊದಲ ಎಲೆ ಕಿತ್ತು ಬೆಂಚಿನ ಮೇಲೆ ಹೊಡೆದರು.

ಗುಲಾಮ.

ಹಲಗೆ ಈಗ ಮರಿಯಾಕುಟ್ಟಿಯ ಹತ್ತಿರ ಇದೆ. ಗಾಳಿಯಲ್ಲಿ ಹಾರಿ ಬರುವ ಕುಂಬಳಕಾಯಿಯನ್ನು ಅವಳು ಸೀಳುವ ರಭಸಕ್ಕೆ ಈಪ್ಪಚ್ಚನ್ ಸ್ವಲ್ಪ ದೂರವೇ ಕೂರುತ್ತಾನೆ. ಮಿಕ್ಸಿಯ ಮಾತು ಇನ್ನೂ ಮುಗಿದಿಲ್ಲ.