ಅವ್ವ ಒತ್ತಿ ಹಿಡಿದ ಕೇಬಲ್

“ಲೈನ್ ಮನೆ ಮಕ್ಕಳಿಗೆ ಡಿಗ್ರಿಯೆಲ್ಲ ಆಗೋ ಮಾತಲ್ಲ” ಎಂದು ಅವ್ವನ ಎದುರೇ ಹೇಳಿದ್ದವರು ಸುಂಟಿಕೊಪ್ಪದ ಹತ್ತಿರದ ನಮ್ಮ ಕಾಫಿ ಎಸ್ಟೇಟಿನಲ್ಲಿ ಹಾಜರಿ, ಲೆಕ್ಕ ಬರೆಯುವ ರೈಟರ್. ಕೂಲಿಯ ನಡುವೆ ಓದಿ, ಮೂರು ವರ್ಷದ ಪದವಿಯನ್ನು ಆರು ವರ್ಷ ಎಳೆದ ನಾನು ಕೊನೆಯ ಆನ್‌ಲೈನ್ ಮೌಖಿಕ ಪರೀಕ್ಷೆಗೆ ಅವರ ಆಫೀಸಿನಲ್ಲೇ ಕೂರಬೇಕಾಯಿತು. ಕೂಲಿಯವರ ಸಾಲುಮನೆಗಳಿರುವ ನಮ್ಮ ಲೈನಿನಲ್ಲಿ ಮೊಬೈಲ್ ನೆಟ್‌ವರ್ಕ್ ನಿಲ್ಲುವುದಿಲ್ಲ. ಇಂಟರ್‌ನೆಟ್ ಕೇಬಲ್ ಇರುವುದು ಆಫೀಸಿನಲ್ಲಿ ಮಾತ್ರ. ನನ್ನ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನಲ್ಲಿ ಅದನ್ನು ಸಿಕ್ಕಿಸುವ ಜಾಗವಿಲ್ಲದ್ದರಿಂದ ಕುಶಾಲನಗರದಿಂದ ಒಂದು ಅಡಾಪ್ಟರ್ ತಂದಿದ್ದೆ.

ಆದರೆ ಕೇಬಲ್ಲಿನ ತುದಿಯ ಕ್ಲಿಪ್ ಮುರಿದಿತ್ತು. ಸಿಕ್ಕಿಸಿದಷ್ಟು ಸಲವೂ ಕಳಚಿಕೊಳ್ಳುತ್ತಿತ್ತು. ಬೆಳಗಿನಿಂದ ಕಾಫಿ ಕೊಯ್ದು ಊಟದ ಬಿಡುವಿನಲ್ಲಿ ಬಂದಿದ್ದ ಅವ್ವ ಮೇಜಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಅದನ್ನು ಅಡಾಪ್ಟರಿಗೆ ಒತ್ತಿ ಹಿಡಿದಳು.

“ಬಿಟ್ರೆ ಹೋಯ್ತದಾ?”

“ಹೋಯ್ತದೆ ಅವ್ವ.”

“ಹಂಗಾದ್ರೆ ನೀ ಮಾತಾಡು. ನಾ ಬಿಡಕಿಲ್ಲ.”

ಪರೀಕ್ಷಕರು ಮುಕ್ಕಾಲು ಗಂಟೆ ಪ್ರಶ್ನೆ ಕೇಳಿದರು. ನಡುವೆ ಕೆಲಸದ ಗಂಟೆ ಹೊಡೆಯಿತು. ರೈಟರ್ ಬಾಗಿಲಿಗೆ ಬಂದು ನೋಡಿದರು. ಅವ್ವ ತಲೆ ಎತ್ತಲಿಲ್ಲ. ರೈಟರ್ ಅವಳನ್ನು ಕೆಲಸಕ್ಕೆ ಕರೆಯದೆ ಹೊರಟುಹೋದರು.

ಹೋದ ತಿಂಗಳು ಪದವಿ ಪ್ರಮಾಣಪತ್ರ ಬಂತು. ಸಂಜೆ ತೋಟದಿಂದ ಸುಸ್ತಾಗಿ ಬಂದು ಹೊಸಿಲ ಮೇಲೆ ಕೂತಿದ್ದ ಅವ್ವನ ಕೈಗೆ ಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡು ನೋಡಿದಳು. ಆಮೇಲೆ ಅಂದಳು: “ಅವತ್ತು ಕೈಯೆಲ್ಲ ಜೋಮು ಹಿಡ್ದಿತ್ತು ಕಣವ್ವ. ಹೇಳಿದ್ರೆ ನೀ ಉತ್ರ ಮರ್ತುಬಿಡ್ತಿದ್ದೆ.”