ಅಧ್ಯಕ್ಷರು ಮತ್ತು ಆಕಾಶದ ಧೂಳು

ಬೀರು ತೆರೆದರೆ ನುಸಿಗುಳಿಗೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಒಳಗಿರುವುದು ಬರೀ ಸನ್ಮಾನದ ಶಾಲುಗಳು. ನನ್ನಂಥ ನಿವೃತ್ತ ಕನ್ನಡ ಮೇಷ್ಟ್ರನ್ನು ಊರು ಹೀಗೆ ಹೊದಿಸಿ ಹೊದಿಸಿಯೇ ಸುಮ್ಮನಾಗಿಸುತ್ತದೆ. ನಮ್ಮ ಮನೆಯ ಮಿಕ್ಸಿಗೂ ಒಂದು ಶಾಲಿದೆ. ನನಗಿಂತ ಅದಕ್ಕೇ ಚೆನ್ನಾಗಿ ಒಪ್ಪುತ್ತದೆ.

ಶಾಲು ಎಂದಾಗ ಹೊಸದುರ್ಗದ ಆ ಸಭೆ ನೆನಪಾಗುತ್ತದೆ ನೋಡಿ. ನನ್ನ ತಂಗಿಯ ಮಗಳು ಗಿರಿಜಾಗೆ ಅಂದು ಸನ್ಮಾನ. ಅವಳು ಖಗೋಳ ವಿಜ್ಞಾನಿ. ಮಾಮೂಲಿ ದುರ್ಬೀನಿಗೆ ಕಪ್ಪು ಗುಂಡಿಯಂತೆ ಕಾಣುವ ಧೂಳಿನ ಮೋಡಗಳನ್ನು ಅವಗೆಂಪು ಬೆಳಕಿನಲ್ಲಿ ನೋಡುವುದು ಅವಳ ಕೆಲಸ. ನಮ್ಮ ಕಣ್ಣಿಗೆ ಕಾಣದ ಆ ಬೆಳಕಿನಲ್ಲಿ ಮೋಡ ಮಂಕಾಗಿ ಹೊಳೆಯುತ್ತದಂತೆ, ಸುತ್ತಲಿನ ನಕ್ಷತ್ರಗಳ ಬೆಳಕು ಧೂಳಿಗೆ ತಾಗಿ ಚೆದುರುವುದರಿಂದ.

ಅಧ್ಯಕ್ಷರು ಊರಿನ ದೊಡ್ಡ ಗುತ್ತಿಗೆದಾರರು. ಅವರು ಬರುವ ತನಕ, ಕುರ್ಚಿ ತುಂಬಿಸಲಿಕ್ಕೆಂದೇ ಕರೆತಂದ ಹಾಸ್ಟೆಲಿನ ಹುಡುಗಿಯರು ಶಾಮಿಯಾನದಡಿ ಬೇಯುತ್ತಿದ್ದರು. ಬಂದವರೇ ಹಾಸ್ಟೆಲಿಗೆ ದುರ್ಬೀನು ಕೊಡಿಸುತ್ತೇನೆಂದು ಸಾರಿ ಚಪ್ಪಾಳೆ ಗಿಟ್ಟಿಸಿದರು. ಆಮೇಲೆ ತಮ್ಮ ಬಾಲ್ಯ, ತಮ್ಮ ತ್ಯಾಗ, ತಮ್ಮ ಮೊಣಕಾಲು ನೋವು, ಎಲ್ಲವನ್ನೂ ವಿವರಿಸಿದರು.

ಗಿರಿಜಾ ಮಾತು ಶುರು ಮಾಡಿದಳಷ್ಟೆ, ಅಧ್ಯಕ್ಷರು ಮತ್ತೆ ಮೈಕಿಗೆ ಕೈ ಹಾಕಿದರು. "ಧೂಳು ನೋಡಾಕೆ ಅಷ್ಟು ದೂರ ಯಾಕವ್ವ? ನಮ್ಮ ಹೊಳಲ್ಕೆರೆ ರೋಡಿಗೆ ಬಾ, ಬೇಕಾದಷ್ಟೈತೆ! ಅದಿರ್ಲಿ, ನನ್ನ ರಾಶಿಗೆ ಈ ವರ್ಷ ಹೆಂಗೈತೆ ಹೇಳು."

ಮುಂದಿನ ಸಾಲು ಹೊಟ್ಟೆ ಹಿಡಿದು ನಕ್ಕಿತು. ಆ ರಸ್ತೆ ಮಾಡಿಸಿದವರು ಇವರೇ ಎಂದು ಗೊತ್ತಿದ್ದವರು ಇನ್ನೂ ಜೋರಾಗಿ ನಕ್ಕರು.

ಗಿರಿಜಾಳ ಮುಖ ಕೆಂಪಾಯಿತು. "ರಾಶಿ ನಂಗೆ ಗೊತ್ತಿಲ್ಲ ಸಾರ್, ಧೂಳು ಗೊತ್ತೈತೆ" ಎಂದವಳೇ ಶಾಲು ಮಡಚಿ ಕುರ್ಚಿಯ ಮೇಲಿಟ್ಟಳು. ವೇದಿಕೆ ಇಳಿದು ನೇರ ಹುಡುಗಿಯರ ಹಿಂದಕ್ಕೆ ಹೋಗಿ ನಿಂತಳು. "ಇತ್ಲಾಗೆ ತಿರುಗಿ ಕುಂತ್ಕಳ್ರಮ್ಮ."

ಕುರ್ಚಿಗಳು ದರದರ ತಿರುಗಿದವು. ಅಧ್ಯಕ್ಷರು ಉಳಿದ ಭಾಷಣವನ್ನು ಜಡೆಗಳಿಗೆ ಮಾಡಿದರು.

"ಅಕ್ಕಾ, ಆ ಮೋಡದೊಳಗೆ ಏನೈತೆ?" ಒಬ್ಬಳು ಕೇಳಿದಳು.

"ಕತ್ತಲು, ಚಳಿ. ಆದ್ರೆ ಅಲ್ಲೇ ಧೂಳಿನ ಕಣ ಒಂದಕ್ಕೊಂದು ಅಂಟ್ಕಂಡು ದೊಡ್ಡವಾಗ್ತವೆ. ಬೆಳಕು ಚೆದುರೋ ರೀತಿ ನೋಡಿ ನಾವು ಅದನ್ನ ಪತ್ತೆ ಮಾಡ್ತೀವಿ. ನಕ್ಷತ್ರ ಹುಟ್ಟೋದು ಅಂಥ ಕಡೆನೇ."

ಅಧ್ಯಕ್ಷರ ದುರ್ಬೀನು ಬರಲೇ ಇಲ್ಲ. ಅವರಿಗೆ ಅವಮಾನವಾಯಿತಂತೆ. ಅವಮಾನವಾಗಲು ಬೇಕಾದ ಸಾಮಗ್ರಿ ಅವರಲ್ಲಿ ಇದೆಯೆಂದು ನನಗೆ ತಿಳಿದದ್ದೇ ಆಗ.

ಈ ವಾರ ಗಿರಿಜಾ ತಾನೇ ಒಂದು ದುರ್ಬೀನು ಕೊಂಡು ಹಾಸ್ಟೆಲಿಗೆ ಕಳಿಸಿದ್ದಾಳೆ. ಅದರಲ್ಲಿ ಅವಳ ಮೋಡಗಳು ಹೊಳೆಯುವುದು ಕಾಣುವುದಿಲ್ಲ. ಚಂದ್ರನ ಗುಳಿಗಳು ಕಾಣುತ್ತವೆ. ಇವತ್ತು ವಾರ್ಡನ್ ಫೋನ್ ಮಾಡಿದರು: "ಉದ್ಘಾಟನೆಗೆ ಯಾರನ್ನ ಕರೆಯಾಣ ಸಾರ್? ನೀವೇ ಬರ್ರಿ."

ಆಸೆಯಾಗಲಿಲ್ಲವೆಂದರೆ ನೀವು ನಂಬಬೇಡಿ. ಗಂಟಲು ಆಗಲೇ ಸರಿಮಾಡಿಕೊಂಡಿದ್ದೆ.

"ಯಾರೂ ಬೇಡ. ಡಬ್ಬ ಬಿಚ್ಚಿ ಮಕ್ಕಳ ಕೈಗೆ ಕೊಡ್ರಿ" ಎಂದೆ.